ಗೇರುಬೀಜ ತಿಂದರೆ ಕೊಲೆಸ್ಟ್ರಾಲ್ ಏರುತ್ತಾ?

ಪ್ರಶ್ನೆ: ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148 ಬಂದಿದೆ. ಗೋವಾದಿಂದ ತಂದ ಗೇರುಬೀಜದ ಡಬ್ಬಿಯನ್ನು ಮನೆಯವರು ಅಟ್ಟಕ್ಕೇರಿಸಿದ್ದಾರೆ. ಪೂರ್ತಿ ಬಿಡಬೇಕಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಡಬ್ಬಿ ಕೆಳಗಿಳಿಸಿ ಅಕ್ಕಾ. ಗೇರುಬೀಜದಲ್ಲಿ ಜಿಡ್ಡು ಇದೆ, ನಿಜ. ಆದರೆ ಆ ಜಿಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೋನೋಅನ್‌ಸ್ಯಾಚುರೇಟೆಡ್ ಕೊಬ್ಬು, ಅಂದರೆ ಹೃದಯಕ್ಕೆ ಒಳ್ಳೆಯ ಬಗೆಯ ಕೊಬ್ಬು. ಬೆಣ್ಣೆ, ವನಸ್ಪತಿಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬಿನ ಜಾಗಕ್ಕೆ ಇದು ಬಂದಾಗ ನಮ್ಮ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಅದಕ್ಕೇ ರಿಪೋರ್ಟ್‌ನಲ್ಲಿ ಅಂಕಿ ಇಳಿಯುವುದು. 2010ರಲ್ಲಿ 25 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಬಾದಾಮಿ, ಅಕ್ರೋಟಿನಂಥ ಬೀಜಗಳನ್ನು ದಿನಕ್ಕೆ ಸರಾಸರಿ 67 ಗ್ರಾಂ ತಿಂದವರ ಎಲ್‌ಡಿಎಲ್ ಶೇ. 7ರಷ್ಟು ಇಳಿದಿತ್ತು. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಮೊದಲೇ ಜಾಸ್ತಿ ಇದ್ದವರಿಗೆ ಅದೂ ಕಡಿಮೆಯಾಯಿತು.

ಗೇರುಬೀಜದಲ್ಲಿ ಸ್ಯಾಚುರೇಟೆಡ್ ಕೊಬ್ಬು ಬಾದಾಮಿಗಿಂತ ಜಾಸ್ತಿ, ಹಾಗಾಗಿ ಬಾದಾಮಿ, ಶೇಂಗಾ ಸೇರಿಸಿ ದಿನಕ್ಕೆ ಒಂದು ಹಿಡಿ, ಸುಮಾರು 30 ಗ್ರಾಂ ಸಾಕು. ಉಪ್ಪು ಹಾಕಿದ್ದು, ಕರಿದದ್ದು ಬೇಡ. ಸಂಜೆ ಲೋಕಲ್ ಇಳಿದು ಸ್ಟೇಷನ್ ಹೊರಗೆ ತಿನ್ನುವ ವಡಾಪಾವ್ ಬದಲು ಇದನ್ನು ತಿನ್ನಿ. ವಡಾಪಾವ್ ತಿಂದು ಮೇಲಿಂದ ಇದನ್ನೂ ತಿಂದರೆ ತೂಕ ಏರುತ್ತದೆ, ಅಲ್ವಾ? ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ಅದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.