ಮೂರು ಕೇಸಿಗೆ ಒಂದೇ ವಿಚಾರಣೆ ಆಗುತ್ತದಾ?

ಪ್ರಶ್ನೆ: ವಕೀಲರೇ, ನನ್ನ ತಮ್ಮನ ಮೇಲೆ ಚಾಲಿ ಅಡಿಕೆ ಕದ್ದ ಮೂರು ಕೇಸಿವೆ. ಎಲ್ಲವೂ 2025ರ ಜನವರಿಯಿಂದ ಮಾರ್ಚ್ ಒಳಗಿನವು. ಎರಡು ಶಿರಸಿ ತಾಲೂಕಿನವು, ಒಂದು ಅಂಗಳದ್ದು, ಇನ್ನೊಂದು ಅಟ್ಟದ್ದು. ಮೂರನೆಯದು ಸಿದ್ದಾಪುರದ್ದು. ಅಲ್ಲಿ ಯಜಮಾನರು ಬೆನ್ನಟ್ಟಿ ಬಂದಾಗ ಇವನು ಚೀಲ ಬಿಡದೆ ಅವರನ್ನು ನೂಕಿದನಂತೆ, ಅವರ ಹಲ್ಲು ಮುರಿದಿದೆ. ಎರಡೂ ಊರಿನ ಕೋರ್ಟಿಗೆ ಓಡಾಡಿ ಆಯಿ ಹೈರಾಣಾಗಿದ್ದಾಳೆ. ಮೂರನ್ನೂ ಒಟ್ಟು ಮಾಡಿಸಬಹುದಾ?
– ಓದುಗರು, ಸಿದ್ದಾಪುರ

ಉತ್ತರ: ಶಿರಸಿಯ ಎರಡನ್ನು ಕೇಳಬಹುದು. ಸಿದ್ದಾಪುರದ್ದು ಸ್ವಲ್ಪ ಕಷ್ಟ.

ಒಂದೊಂದು ಅಪರಾಧಕ್ಕೆ ಒಂದೊಂದು ಆರೋಪ, ಒಂದೊಂದು ವಿಚಾರಣೆ, ಇದೇ ನಿಯಮ. ಒಟ್ಟಿಗೆ ನಡೆಸುವುದು ವಿನಾಯಿತಿ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನು) 241ರಿಂದ 247ರವರೆಗಿನ ಕಲಂಗಳಲ್ಲಿ ಇದೆಲ್ಲ ಇದೆ. ಒಬ್ಬನೇ 12 ತಿಂಗಳೊಳಗೆ ಒಂದೇ ಬಗೆಯ ಅಪರಾಧ ಮಾಡಿದ್ದರೆ ಐದರವರೆಗೆ ಒಟ್ಟಿಗೆ ವಿಚಾರಣೆ ಮಾಡಬಹುದು (ಹಳೇ ಕಾನೂನಿನಲ್ಲಿ ಮೂರೇ ಇತ್ತು). ಮಾಲು ಬೇರೆ ಬೇರೆಯವರದ್ದಾದರೂ ಅಡ್ಡಿಯಿಲ್ಲ. ಅಂಗಳದಲ್ಲಿ ಒಣಗಿಸಿದ್ದನ್ನು ಕದ್ದರೆ ಒಂದು ಕಲಂ, ಮನೆ ಅಟ್ಟದಿಂದ ಕದ್ದರೆ ಇನ್ನೊಂದು, ಶಿಕ್ಷೆಯೂ ಬೇರೆ. ಆದರೂ ಈ ಎರಡನ್ನು ಒಂದೇ ಬಗೆ ಅಂತ ಹಿಡಿಯಬೇಕು ಅಂತ ಕಾನೂನೇ ಬರೆದಿಟ್ಟಿದೆ. ಬೀಗ ಒಡೆದ ಆರೋಪವೂ ಸೇರಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಚಾರ್ಜ್‌ಶೀಟ್ ತೆಗೆದು ನೋಡಿ.

ಸಿದ್ದಾಪುರದ ತೊಡಕು ಆ ಹಲ್ಲಿನದ್ದು. ಕಾನೂನಿನ ಲೆಕ್ಕದಲ್ಲಿ ಹಲ್ಲು ಮುರಿದರೆ ಅದು ತೀವ್ರ ಗಾಯ. ಕದ್ದ ಚೀಲ ಒಯ್ಯಲಿಕ್ಕೆ ಅಂತಲೇ ನೂಕಿದ್ದರೆ ಅದು ಬರೀ ಕಳವಾಗಿ ಉಳಿಯುವುದಿಲ್ಲ, ಸುಲಿಗೆ ಆಗುತ್ತದೆ. ಅವತ್ತಿನ ಕಳವು, ನೂಕಾಟ, ಗಾಯ ಎಲ್ಲ ಒಂದೇ ಘಟನೆಯ ಸರಣಿ, ಹಾಗಾಗಿ ಅವು ಒಂದೇ ವಿಚಾರಣೆಯಲ್ಲಿ ಬರಬಹುದು. ಆದರೆ ಸುಲಿಗೆ ಮತ್ತು ಕಳವು ಒಂದೇ ಬಗೆಯಲ್ಲವಲ್ಲ, ಆ ಐದರ ಲೆಕ್ಕಕ್ಕೆ ಅದು ಕೂರುವುದಿಲ್ಲ.

ಇನ್ನೊಂದು ದಾರಿ ಇದೆ. ಆರೋಪಿಯೇ ಲಿಖಿತವಾಗಿ ಕೇಳಿಕೊಂಡರೆ, ಅವನಿಗೆ ತೊಂದರೆ ಆಗದು ಅಂತ ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ, ಒಟ್ಟಿಗೆ ನಡೆಸಬಹುದು. ಆದರೆ ಅರ್ಜಿ ಕೊಡುವ ಮೊದಲು ಒಂದು ದಿನ ಸುಮ್ನೆ ಕೂತು ಮೂರೂ ಚಾರ್ಜ್‌ಶೀಟ್ ಓದಿ. ಒಂದು ಕೇಸಲ್ಲಿ ಮಾಲು ಸಿಕ್ಕಿದೆ, ಇನ್ನೊಂದರಲ್ಲಿ ಬರೀ ಅನುಮಾನ ಅಂತಿಟ್ಟುಕೊಳ್ಳಿ. ಒಟ್ಟು ಮಾಡಿದರೆ ಗಟ್ಟಿ ಕೇಸಿನ ಬಣ್ಣ ಸಪ್ಪೆ ಕೇಸಿಗೂ ಹತ್ತುತ್ತದೆ. ಮೂರು ಮನೆಯವರು ಒಂದೇ ಕಟಕಟೆಗೆ ಸಾಲಾಗಿ ಬಂದು ಹೋದರೆ ಯಾರಿಗಾದರೂ ಮನಸ್ಸಿನಲ್ಲಿ ಏನೋ ಒಂದು ಕೂತುಬಿಡುತ್ತದೆ, ಅಲ್ವಾ? ಓಡಾಟ ಉಳಿಯಿತು ಅಂತ ಖುಷಿಪಟ್ಟು ಬಿಡುಗಡೆಯಾಗಬಹುದಾದ ಕೇಸನ್ನೂ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಲಾಭವೂ ಇದೆ, ಇಲ್ಲ ಅನ್ನುವುದಿಲ್ಲ. ಬೇರೆ ಬೇರೆ ವಿಚಾರಣೆಯಲ್ಲಿ ಶಿಕ್ಷೆಯಾದರೆ, ಕೋರ್ಟು ಬೇರೆ ಹೇಳದಿದ್ದರೆ, ಒಂದು ಮುಗಿದ ಮೇಲೆ ಇನ್ನೊಂದು ಶುರು. ಒಟ್ಟು ನಡೆದರೆ ಏಕಕಾಲಕ್ಕೋ ಒಂದಾದ ಮೇಲೊಂದೋ ಅಂತ ಅದೇ ಕೋರ್ಟು ಅಲ್ಲೇ ತೀರ್ಮಾನಿಸುತ್ತದೆ.

ಏನೇ ಕೇಳುವುದಿದ್ದರೂ ಆರೋಪ ಹೊರಿಸುವ ಹಂತದಲ್ಲೇ ಕೇಳಿ. ಇದನ್ನು ಸಾಮಾನ್ಯವಾಗಿ ವಿಚಾರಣೆಯ ಶುರುವಿನಲ್ಲೇ ತೀರ್ಮಾನಿಸಬೇಕು ಅಂತ ನಸೀಬ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಬರೀ ಓಡಾಟದ್ದೇ ತಲೆನೋವಾದರೆ ಸಿದ್ದಾಪುರದ ಕೇಸನ್ನು ಶಿರಸಿಗೆ ವರ್ಗಾಯಿಸಿ ಅಂತ ಸೆಷನ್ಸ್ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು. ಆಗ ವಿಚಾರಣೆ ಬೇರೆ ಬೇರೆಯೇ, ಬಸ್ಸು ಮಾತ್ರ ಒಂದು.

ಪ್ರಶ್ನೆ: ಬಂದರಿನಲ್ಲಿ ಬಲೆ ವಿಷಯಕ್ಕೆ ಹೊಡೆದಾಟವಾಗಿ ಅವರು ನಮ್ಮ ಮೇಲೆ, ನಾವು ಅವರ ಮೇಲೆ ಕೇಸು ಹಾಕಿದ್ದೇವೆ. ಜಗಳ ಒಂದೇ ಅಂದಮೇಲೆ ಕೇಸೂ ಒಂದೇ ಆಗಬೇಕಲ್ವಾ?
– ಓದುಗರು, ಕಾರವಾರ

ಉತ್ತರ: ಇಲ್ಲ. ಒಂದರಲ್ಲಿ ಆರೋಪಿಯಾದವರು ಇನ್ನೊಂದರಲ್ಲಿ ಫಿರ್ಯಾದಿ, ಎರಡನ್ನೂ ಕಲಸಲಿಕ್ಕಾಗುವುದಿಲ್ಲ. ಆದರೆ ನ್ಯಾಯಾಧೀಶರು ಒಬ್ಬರೇ ಇರಬೇಕು. ಒಂದರ ಸಾಕ್ಷಿ, ವಾದ ಮುಗಿಸಿ ತೀರ್ಪು ಕಾದಿರಿಸಿ, ಬೆನ್ನಿಗೇ ಇನ್ನೊಂದನ್ನು ಕೇಳಿ, ತೀರ್ಪನ್ನು ಒಟ್ಟಿಗೇ ಕೊಡಬೇಕು. 1990ರಲ್ಲಿ ನಾಥಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಎಳೆದು ತರುವಂತಿಲ್ಲ. ಎರಡು ಕೇಸು ಬೇರೆ ಬೇರೆ ಕೋರ್ಟಿನಲ್ಲಿ ಬಿದ್ದಿದ್ದರೆ ಎರಡರ ನಂಬರನ್ನೂ ಬರೆದುಕೊಂಡು ಇವತ್ತೇ ನಿಮ್ಮ ವಕೀಲರಿಗೆ ಕೊಡಿ.