ಮಾವಿಕಾದಲ್ಲಿ ದೇವರಾಜ ಮಾರುಕಟ್ಟೆ: ಖಂಡಿತ ತೆಗೆಯಿರಿ

ಮಾವ ಕೊಟ್ಟ ಸೋನಿ ಮಾವಿಕಾ ಎಫ್‌ಡಿ7 ಕ್ಯಾಮೆರಾದಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಚಿತ್ರಸರಣಿ ಮಾಡಬಹುದಾ, ಫೋಟೋಗಳನ್ನು ಲ್ಯಾಪ್‌ಟಾಪ್‌ಗೆ ಹಾಕುವುದು ಹೇಗೆ ಅಂತ ಕೇಳಿದ್ದೀರಿ. ಖಂಡಿತ ಮಾಡಿ!

ಲ್ಯಾಪ್‌ಟಾಪ್ ವಿಷಯ ಸುಲಭ. 1997ರ ಕ್ಯಾಮೆರಾ ಆದರೂ ಮಾಮೂಲಿ 3.5 ಇಂಚಿನ ಫ್ಲಾಪಿಗೆ (ಹಳೇ ಕಾಲದ ಕಂಪ್ಯೂಟರ್ ಡಿಸ್ಕ್) ಜೆಪೆಗ್ ಆಗಿಯೇ, ಅಂದರೆ ಈಗಿನ ಲ್ಯಾಪ್‌ಟಾಪ್‌ನಲ್ಲೂ ತೆರೆಯುವ ಫೋಟೋ ಫೈಲ್ ಆಗಿಯೇ ಬರೆಯುತ್ತದೆ. ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದಿದ್ದರೆ ಸಾಕು. ಆದರೆ ಹಳೇ ಫ್ಲಾಪಿಗಳು ಕೈಕೊಡುತ್ತವೆ, ಅದೇ ದಿನ ಕಾಪಿ ಮಾಡಿಕೊಳ್ಳಿ. ನಾನು ಒಂದು ಬೆಳಗಿನ ಪೂರ್ತಿ ಕೆಲಸ ಹಾಗೆ ಕಳೆದುಕೊಂಡೆ, ಇವತ್ತಿಗೂ ಬೇಜಾರಿದೆ.

ಚಿತ್ರ 640×480 ಪಿಕ್ಸೆಲ್ ಅಷ್ಟೇ. ಸಣ್ಣಸಣ್ಣ ವಿವರ ಸಿಗುವುದಿಲ್ಲ. ಹಾಗಾಗಿ ದೊಡ್ಡ ಆಕಾರ, ಗಟ್ಟಿ ಬಣ್ಣ ಹುಡುಕಿ: ಕುಂಕುಮದ ಗುಡ್ಡೆ, ಬಾಳೆಗೊನೆ, ಹೂ ಕಟ್ಟುವ ಕೈ. ಮಲ್ಲಿಗೆ ಮೇಲೆ ನೇರ ಬಿಸಿಲು ಬಿದ್ದರೆ ಬರೀ ಬಿಳಿ ಮಚ್ಚೆ ಆಗುತ್ತದೆ, ಅದನ್ನು ನೆರಳಲ್ಲಿ ತೆಗೆಯಿರಿ. 10 ಪಟ್ಟು ಜೂಮ್ ಇದೆ ಅಲ್ವಾ, ಧಾರಾಳವಾಗಿ ಬಳಸಿ. ನನಗಂತೂ ಈ ಕ್ಯಾಮೆರಾದಲ್ಲಿ ತುಂಬ ಇಷ್ಟವಾಗುವುದು ಅದೇ.

ಫೈನ್ ಮೋಡ್‌ನಲ್ಲಿ (ಹೆಚ್ಚು ಗುಣಮಟ್ಟದ ಸೆಟ್ಟಿಂಗ್) ಒಂದು ಫ್ಲಾಪಿಗೆ 15–20 ಚಿತ್ರ ಹಿಡಿಸುತ್ತದೆ. ಒಂದು ಅಂಗಡಿಸಾಲಿಗೆ ಒಂದೇ ಫ್ಲಾಪಿ ಅಂತ ಇಟ್ಟುಕೊಂಡರೆ ಸುಮ್ನೆ ಕ್ಲಿಕ್ಕಿಸುವುದು ತಾನಾಗಿ ನಿಲ್ಲುತ್ತದೆ. ಪ್ರಿಂಟ್ 4×3 ಇಂಚಿಗಿಂತ ಜಾಸ್ತಿ ದೊಡ್ಡದು ಬೇಡ. ಮೊದಲ ಫ್ಲಾಪಿ ತುಂಬಿದ ಮೇಲೆ ಇಲ್ಲಿ ಹಾಕಿ, ನೋಡಬೇಕು ಅಂತ ಆಸೆಯಿದೆ.