ಅಂತರ್ಯುದ್ಧದ ನೆನಪನ್ನು ಪರ್ಫಾರ್ಮೆನ್ಸ್ ಆರ್ಟ್ ಹೇಗೆ ತೋರಿಸುತ್ತದೆ?

ಪರ್ಫಾರ್ಮೆನ್ಸ್ ಆರ್ಟ್ ಎಂದರೆ ಕಲಾವಿದರು ತಮ್ಮ ದೇಹ, ಕ್ರಿಯೆಗಳನ್ನೇ ಕಲೆಯಾಗಿಸುವುದು. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಕಲಾವಿದೆ ರೆಜಿನಾ ಹೋಸೆ ಗಲಿಂಡೊ ಅವರ ಕೆಲಸ ನೋಡಿ. ಅಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು 2 ಲಕ್ಷ ಜನ, ಹೆಚ್ಚಿನವರು ಮಾಯಾ ಮೂಲನಿವಾಸಿಗಳು. 1982-83ರಲ್ಲಿ ಸೇನಾಧಿಕಾರಿ ರಿಯೋಸ್ ಮಾಂಟ್ ಆಳುತ್ತಿದ್ದಾಗಂತೂ ಊರಿಗೆ ಊರೇ ನಾಶವಾದವು. ಅದೇ ಮನುಷ್ಯ ಅಧ್ಯಕ್ಷ ಚುನಾವಣೆಗೆ ನಿಲ್ಲಬಹುದು ಎಂದು 2003ರಲ್ಲಿ ಸಂವಿಧಾನ ನ್ಯಾಯಾಲಯ ಒಪ್ಪಿಬಿಟ್ಟಿತು!

ಗಲಿಂಡೊ ಭಾಷಣ ಮಾಡಲಿಲ್ಲ. ಕಪ್ಪು ಬಟ್ಟೆ ತೊಟ್ಟು, ಮನುಷ್ಯರ ರಕ್ತ ತುಂಬಿದ ಬೇಸಿನ್ ಹಿಡಿದು, ಬರಿಗಾಲಲ್ಲಿ ಆ ನ್ಯಾಯಾಲಯದಿಂದ ರಾಷ್ಟ್ರೀಯ ಅರಮನೆಗೆ ನಡೆದರು. ಆಗಾಗ ಬೇಸಿನ್ ಕೆಳಗಿಟ್ಟು ಪಾದ ಅದ್ದುವುದು, ಮತ್ತೆ ಹೆಜ್ಜೆ. ದಾರಿಯುದ್ದಕ್ಕೂ ಕೆಂಪು ಗುರುತು. ಕೊನೆಯ ಗುರುತುಗಳು ಬಿದ್ದದ್ದು ಅರಮನೆ ಕಾಯುತ್ತಿದ್ದ ಪೊಲೀಸರ ಮುಂದೆಯೇ.

ಇದು ನಾಟಕ ಅಲ್ವಾ ಎಂದರೆ, ಅಲ್ಲ. ಪಾತ್ರವಿಲ್ಲ, ಮಾತಿಲ್ಲ, ರಕ್ತವೂ ನಿಜದ್ದೇ. ದಾರಿಹೋಕರೇ ಪ್ರೇಕ್ಷಕರು.

ಅವರ 2013ರ ಕೃತಿ ನನಗೆ ಇನ್ನೂ ಜಾಸ್ತಿ ತಟ್ಟಿತು. ಬದುಕುಳಿದವರ ಹೇಳಿಕೆಗಳನ್ನು ಗಲಿಂಡೊ ಓದುತ್ತಿರುತ್ತಾರೆ. ದಂತವೈದ್ಯರು ಮಧ್ಯೆ ಮಧ್ಯೆ ಬಾಯಿ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಮಾತು ತೊದಲುತ್ತದೆ, ಓದು ನಿಲ್ಲುವುದಿಲ್ಲ. ಅದೇ ವರ್ಷ ರಿಯೋಸ್ ಮಾಂಟ್ ನರಮೇಧದ ಅಪರಾಧಿ ಎಂದು ತೀರ್ಪು ಬಂತು, ಹತ್ತೇ ದಿನದಲ್ಲಿ ರದ್ದೂ ಆಯಿತು.